ಉದ್ದಗಲದ ತಕರಾರು

ನಮ್ಮ ಮನೆಯ ಕಂಪ್ಯೂಟರಿನಲ್ಲಿ ಕೆಲವು ಕಾಲ ತೆಳ್ಳಗಿನವರು ಯಾರೂ ಇರಲಿಲ್ಲ. ಮದುವೆಯ ಫೋಟೋ ತೆರೆದರೆ ಗಂಡು, ಹೆಣ್ಣು, ಪುರೋಹಿತರು, ಹಿಂದೆ ಕೂತ ವಾಲಗದವರು ಎಲ್ಲರೂ ಒಂದೇ ಸಮನೆ ಉಬ್ಬಿಕೊಂಡಿದ್ದರು. ಕಾಲೇಜಿನಲ್ಲಿ ನನಗೆ ಕಡ್ಡಿ ಎಂದೇ ಅಡ್ಡಹೆಸರು. ಆ ಕಾಲದ ಚಿತ್ರದಲ್ಲೂ ನಾನೊಬ್ಬ ಅನುಕೂಲಸ್ಥ ಮಂಡಿ ವ್ಯಾಪಾರಿಯ ಕಳೆಯಲ್ಲಿ ನಿಂತಿದ್ದೆ. ನನಗೇನೂ ಬೇಸರವಾಗಲಿಲ್ಲ, ನಿಜ ಹೇಳಬೇಕೆಂದರೆ. ತಕರಾರು ಶುರುವಾದದ್ದು ಅತ್ತೆಯವರಿಂದ.

ಅವರ ತಂಗಿಯ ಮಗಳಿಗೆ ಸಂಬಂಧ ನೋಡುತ್ತಿದ್ದರು. ಹುಡುಗನ ಫೋಟೋ ಮೊಬೈಲಿಗೆ ಬಂತು, ಚೆನ್ನಾಗಿದ್ದಾನೆ ಅಂದರು. ಕನ್ನಡಕ ಹುಡುಕುವ ಕಷ್ಟ ಬೇಡವೆಂದು ಅದನ್ನೇ ದೊಡ್ಡ ಪರದೆಯ ಮೇಲೆ ಹಾಕಿ ತೋರಿಸಿದೆ. ಅತ್ತೆ ಸ್ವಲ್ಪ ಹೊತ್ತು ನೋಡಿ, ದನಿ ತಗ್ಗಿಸಿ, "ಮೊಬೈಲಿಗೆ ಹಳೇ ಫೋಟೋ ಕಳಿಸಿದಾರೆ ಅನ್ಸತ್ತೆ" ಎಂದರು. ಎರಡೂ ಒಂದೇ ಫೋಟೋ ಎಂದು ಅವರನ್ನು ಒಪ್ಪಿಸುವಷ್ಟರಲ್ಲಿ ಕಾಫಿ ಆರಿಹೋಯಿತು. ಒಂದು ಸಂಬಂಧ ಕೇವಲ ಮಾನಿಟರಿನ ದೆಸೆಯಿಂದ ತಪ್ಪಿಹೋಗುವುದು ನ್ಯಾಯವಲ್ಲ ಎಂದು ನನಗೂ ಆಗ ಅನ್ನಿಸಿತು.

ಆಗಿದ್ದಿಷ್ಟೆ. ಹಳೆಯ ಡಬ್ಬಿ ಮಾನಿಟರ್ ಸತ್ತು ಅಗಲದ ಹೊಸದು ಬಂದಿತ್ತು. ಸಿಪಿಯು ಮಾತ್ರ ಹಳೆಯದೇ. ಹೊಸ ಪರದೆಯ ಮೈಯಲ್ಲಿ ಅಡ್ಡಕ್ಕೆ 1920, ಕೆಳಕ್ಕೆ 1080 ಚುಕ್ಕಿಗಳಿವೆ, ಅಂದರೆ 16ಕ್ಕೆ 9ರ ಅಳತೆ. ಸಿಪಿಯು ಕಳಿಸುತ್ತಿದ್ದ ಚಿತ್ರ 1024×768ರದು, ಅಂದರೆ 4ಕ್ಕೆ 3. ಚಿಕ್ಕ ಚಿತ್ರವನ್ನು ದೊಡ್ಡ ಪರದೆಯ ತುಂಬ ಎಳೆದು ಹಾಸಿದಾಗ ಪ್ರತಿಯೊಂದೂ ಮೂರನೇ ಒಂದು ಭಾಗದಷ್ಟು ಅಗಲವಾಗುತ್ತದೆ. 60 ಕಿಲೋ ತೂಗುವ ಹುಡುಗ ನೋಟಕ್ಕೆ 80 ಕಿಲೋ ಆದದ್ದು ಹೀಗೆ.

ಈ 4ಕ್ಕೆ 3 ಎನ್ನುವುದು ಬಹಳ ಹಿರಿಯ ಅಳತೆ. ಎಡಿಸನ್ನನ ಪ್ರಯೋಗಾಲಯದಲ್ಲಿ ಡಿಕ್ಸನ್ ಎಂಬಾತ 1890ರ ದಶಕದಲ್ಲಿ 35 ಮಿಲಿಮೀಟರ್ ಫಿಲ್ಮಿನ ಮೇಲೆ ಚೌಕಟ್ಟು ಕತ್ತರಿಸುವಾಗ ಹಿಡಿದ ಪ್ರಮಾಣ ಅದು. ಸಿನಿಮಾ ಅದನ್ನೇ ಹಿಡಿಯಿತು, ಟಿವಿ ಸಿನಿಮಾದಿಂದ ಪಡೆಯಿತು, ಕಂಪ್ಯೂಟರ್ ಟಿವಿಯಿಂದ ಪಡೆಯಿತು. ಮನೆಮನೆಯಲ್ಲೂ ಟಿವಿ ಬಂದು ಜನ ಥಿಯೇಟರಿಗೆ ಹೋಗುವುದನ್ನು ಬಿಟ್ಟಾಗ ಹಾಲಿವುಡ್ಡಿನವರು ಪರದೆಯನ್ನು ಅಗಲ ಮಾಡಿದರು; 1953ರಲ್ಲಿ ಸಿನಿಮಾಸ್ಕೋಪ್ ಬಂತು. ಕನ್ನಡಕ್ಕೆ ಅದು 1977ರಲ್ಲಿ 'ಸೊಸೆ ತಂದ ಸೌಭಾಗ್ಯ'ದ ಮೂಲಕ ಬಂತು. ಮುಂದೆ ಇಂಥ ಅಗಲದ ಚಿತ್ರಗಳು ದೂರದರ್ಶನಕ್ಕೆ ಬಂದಾಗ ಒಂದು ತಮಾಷೆ ಇರುತ್ತಿತ್ತು. ಹೆಸರುಗಳು ಬರುವಷ್ಟು ಹೊತ್ತು ನಾಯಕ, ನಾಯಕಿ, ಕುದುರೆ, ಜೀಪು ಎಲ್ಲವೂ ಉದ್ದುದ್ದ ಎಳೆದುಕೊಂಡು, ಊಟ ಕಾಣದವರಾಗಿ ಕಾಣುತ್ತಿದ್ದರು. ಅಗಲದ ಚಿತ್ರವನ್ನು ಕಿರಿದಾದ ಪರದೆಗೆ ಒತ್ತಿ ತುಂಬಿದ ಫಲ. ಹೆಸರು ಮುಗಿದ ಕೂಡಲೇ ಎಲ್ಲರಿಗೂ ಮೈ ಬರುತ್ತಿತ್ತು, ಅಂಚಿನಲ್ಲಿದ್ದವರು ಮಾತ್ರ ಕಾಣೆಯಾಗುತ್ತಿದ್ದರು. ಸಂಭಾಷಣೆ ಇಬ್ಬರದು, ಕಾಣುವುದು ಎರಡು ಮೂಗು.

ಈ ಜಗಳಕ್ಕೆ ರಾಜಿ ಮಾಡಿಸಿದವರು ಅಮೆರಿಕದ ಕರ್ನ್ಸ್ ಪವರ್ಸ್ ಎಂಬ ಎಂಜಿನಿಯರ್. 1984ರ ಸುಮಾರಿಗೆ ಅವರು ಬಳಕೆಯಲ್ಲಿದ್ದ ಚೌಕಟ್ಟುಗಳನ್ನೆಲ್ಲ ಒಂದೇ ವಿಸ್ತೀರ್ಣಕ್ಕೆ ತಂದು, ಒಂದರ ಮೇಲೊಂದು ಇಟ್ಟು ನೋಡಿದರು. ತೀರ ಕಿರಿದಾದ 1.33ಕ್ಕೂ ತೀರ ಅಗಲದ 2.35ಕ್ಕೂ ನಡುವೆ, ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ 1.77 ಬರುತ್ತದೆ. ಅದೇ 16ಕ್ಕೆ 9. ಯಾರಿಗೂ ಪೂರ್ತಿ ಸರಿಹೋಗದ, ಯಾರನ್ನೂ ಪೂರ್ತಿ ಕೆಡಿಸದ ಅಳತೆ. ಪಂಚಾಯಿತಿಕೆ ಎಂದರೆ ಇದೇ ಅಲ್ಲವೆ.

ಇರಲಿ, ಅತ್ತೆಯವರು ಕಾಯುತ್ತಿದ್ದಾರೆ. ಸೆಟ್ಟಿಂಗಿಗೆ ಹೋಗಿ ರೆಸಲ್ಯೂಷನ್ ಪಟ್ಟಿ ತೆರೆದೆ. ಅಲ್ಲಿ 1024×768 ಇತ್ತು, 800×600 ಇತ್ತು, 640×480 ಇತ್ತು. ಅಷ್ಟೆ. ಹೋಟೆಲಿನಲ್ಲಿ ರಾತ್ರಿ ಹತ್ತಕ್ಕೆ ಹೋಗಿ ಏನಿದೆ ಎಂದು ಕೇಳಿದ ಹಾಗಾಯಿತು. ಪಕ್ಕದ ಬೀದಿಯ ಎಂಜಿನಿಯರಿಂಗ್ ಹುಡುಗನನ್ನು ಕರೆದೆ. ವಿಂಡೋಸ್ ಭಾರವಾಗಿ ಏದುಸಿರು ಬಿಡುತ್ತಿದ್ದ ನಮ್ಮ ಯಂತ್ರಕ್ಕೆ ಲಿನಕ್ಸ್ ಹಾಕಿಕೊಟ್ಟವನೇ ಅವನು, ಆದ್ದರಿಂದ ಅವನ ಮೇಲೆ ನನಗೊಂದು ಹಕ್ಕಿದೆ. ಅವನು ನಿಂತಲ್ಲಿಂದಲೇ ಹೇಳಿದ: "ಅಂಕಲ್, ನಿಮ್ಮ ಮಾನಿಟರ್ ಯಾರು ಅಂತ ಕಂಪ್ಯೂಟರಿಗೆ ಗೊತ್ತಿಲ್ಲ."

ಪ್ರತಿಯೊಂದು ಮಾನಿಟರಿನ ಹೊಟ್ಟೆಯಲ್ಲೂ ಒಂದು ಚಿಕ್ಕ ಚಿಪ್ಪಿರುತ್ತದಂತೆ. ಅದರಲ್ಲಿ 128 ಬೈಟುಗಳ ಸ್ವಪರಿಚಯ. ಇಡಿಐಡಿ ಎಂದು ಅದರ ಹೆಸರು, ವೆಸಾ ಎಂಬ ಸಂಸ್ಥೆ 1994ರಲ್ಲಿ ಇದನ್ನು ಗೊತ್ತುಮಾಡಿತು. ತಯಾರಕರ ಹೆಸರಿನ ಮೂರಕ್ಷರ, ತಯಾರಾದ ವರ್ಷ, ವಾರ, ಪರದೆಯ ಉದ್ದಗಲ ಸೆಂಟಿಮೀಟರಿನಲ್ಲಿ, ಯಾವ ಯಾವ ರೆಸಲ್ಯೂಷನ್ ಒಗ್ಗುತ್ತದೆ, ಎಲ್ಲವೂ ಅಲ್ಲಿ ಬರೆದಿರುತ್ತದೆ. ಕೊನೆಯ ಬೈಟು ತಾಳೆ ನೋಡುವುದಕ್ಕೆ. 128ನ್ನೂ ಕೂಡಿದರೆ 256ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಒಳಗಿನಿಂದ ಅತ್ತೆ ಕೇಳಿಸಿಕೊಂಡು, "ಹುಟ್ಟಿದ ವಾರವೂ ಇದೆಯಾ? ನಕ್ಷತ್ರ ಒಂದು ಬಿಟ್ಟಿದಾರೆ ನೋಡು" ಅಂದರು. ಕಂಪ್ಯೂಟರ್ ಚಾಲೂ ಆದಾಗ ಕೇಬಲ್ ಮೂಲಕ ಈ ಪರಿಚಯವನ್ನು ಓದಿಕೊಳ್ಳುತ್ತದೆ. ಓದಲು ಆಗದಿದ್ದರೆ, ಬಂದವರು ಯಾರೋ ಏನೋ, ಎಂಥವರಿಗೂ ಒಗ್ಗುವಷ್ಟು ಬಡಿಸೋಣ ಎಂದು 1024×768ಕ್ಕೆ ನಿಂತುಬಿಡುತ್ತದೆ. ಕಣ್ಣೆದುರಿಗೆ ಇಷ್ಟಗಲದ ಪರದೆ ಬೆಳಗುತ್ತಿದ್ದರೂ ಕಾಗದ ಬರಲಿಲ್ಲ ಎಂಬ ಒಂದೇ ಕಾರಣಕ್ಕೆ ನಂಬುವುದಿಲ್ಲ. ಪಿಂಚಣಿದಾರರು ಪ್ರತಿವರ್ಷ ತಾವು ಬದುಕಿದ್ದೇವೆಂದು ಸರ್ಟಿಫಿಕೇಟು ಕೊಡುವ ದೇಶದಲ್ಲಿ ಇದರ ಮೇಲೆ ಕೋಪಿಸಿಕೊಳ್ಳುವ ಅಧಿಕಾರ ನನಗಿಲ್ಲ.

ಪರಿಚಯ ಎಲ್ಲಿ ತಪ್ಪಿತು? ಕೇಬಲಿನಲ್ಲಿ. ನಮ್ಮದು ನೀಲಿ ಮೂತಿಯ ವಿಜಿಎ ಕೇಬಲ್. 1987ರಲ್ಲಿ ಐಬಿಎಂ ತಂದ ಪದ್ಧತಿ, 15 ಪಿನ್ನುಗಳು, ಮೂರು ಸಾಲಿನಲ್ಲಿ ಐದೈದು. ಮಾವನವರು ಪಂಚಾಂಗ ಓದುವ ಭೂತಗನ್ನಡಿ ತಂದು, ಕೇಬಲನ್ನು ಬಿಸಿಲಿಗೆ ಹಿಡಿದು, ಒಂದೊಂದೇ ಪಿನ್ನು ಎಣಿಸಿ, "ಸಿಕ್ಕಿಬಿದ್ದ! ಹದಿನಾಲ್ಕೇ ಇದೆ!" ಎಂದು ಘೋಷಿಸಿದರು. ಹುಡುಗ ಮೆಲ್ಲಗೆ, ಒಂಬತ್ತನೇ ಪಿನ್ನು ಅನೇಕ ಕೇಬಲುಗಳಲ್ಲಿ ಇರುವುದೇ ಇಲ್ಲ, ಅದು ದೋಷವಲ್ಲ ಎಂದ. ಪರಿಚಯದ ಮಾತು ಸಾಗುವುದು 12 ಮತ್ತು 15ರಲ್ಲಿ. ಆ ಎರಡೂ ಮೂತಿಯಲ್ಲಿ ಠೀವಿಯಿಂದ ನಿಂತಿದ್ದವು. ಆದರೆ ಅಗ್ಗದ ಕೇಬಲುಗಳಲ್ಲಿ ಒಳಗಿನ ತಂತಿಯನ್ನೇ ಹಾಕದೆ ಉಳಿಸಿಬಿಟ್ಟಿರುತ್ತಾರಂತೆ. ಚಿತ್ರಕ್ಕೆ ಬೇಕಾದ ಕೆಂಪು, ಹಸಿರು, ನೀಲಿ ಹೋದರೆ ಗಿರಾಕಿಗೆ ಸಾಕು, ಯಾರು ಸಿಗಿದು ನೋಡುತ್ತಾರೆ? ಮಾವನವರು ಭೂತಗನ್ನಡಿಯನ್ನು ಚೀಲಕ್ಕೆ ಹಾಕಿಕೊಂಡರು. ಹದಿನಾಲ್ಕೇ ಇದ್ದದ್ದಂತೂ ನಿಜ ಎಂದು ಅವರು ಈಗಲೂ ಹೇಳುತ್ತಾರೆ.

ಅಂದು ಭಾನುವಾರ, ಸಂಜೆಯಾಗಿತ್ತು, ಹೊಸ ಕೇಬಲಿಗೆ ಸೋಮವಾರದವರೆಗೆ ಕಾಯಬೇಕು. ಹುಡುಗ ಬೇರೆ ದಾರಿ ಹಿಡಿದ. ಮಾನಿಟರ್ ತಾನು ಯಾರೆಂದು ಹೇಳದಿದ್ದರೆ ನಾವೇ ಅದರ ಪರವಾಗಿ ಹೇಳುವುದು. ಕಪ್ಪು ಕಿಟಕಿಯೊಂದನ್ನು ತೆರೆದು ಸಿವಿಟಿ ಎಂದು ಬರೆದು 1920, 1080, 60 ಎಂದು ಕೊಟ್ಟ. ಆ ಕಡೆಯಿಂದ ಒಂದು ಸಾಲು ಉದುರಿತು: 173.00, ಆಮೇಲೆ 1920, 2048, 2248, 2576, ಆಮೇಲೆ 1080, 1083, 1088, 1120.

ಸಂಖ್ಯೆ ಕಂಡರೆ ನಾನು ಕಂದಾಯದ ರಸೀತಿಯನ್ನೂ ಮಡಿಚಿ ಇಡುವವನು. ಆದರೂ ಇದು ಕುತೂಹಲ ಹುಟ್ಟಿಸಿತು. ನಾವು ಕೇಳಿದ್ದು 1920. ಇದು 2576ರವರೆಗೆ ಹೋಗುತ್ತಿದೆಯಲ್ಲ, ಉಳಿದ 656 ಯಾರ ಪಾಲು? ಯಾರ ಪಾಲೂ ಅಲ್ಲ, ಅದು ವಿಶ್ರಾಂತಿಯ ಸಮಯ. ಹಳೆಯ ಗಾಜಿನ ಮಾನಿಟರುಗಳಲ್ಲಿ ಎಲೆಕ್ಟ್ರಾನು ಕಿರಣವೊಂದು ಎಡದಿಂದ ಬಲಕ್ಕೆ ಗೆರೆ ಎಳೆಯುತ್ತ ಹೋಗುತ್ತಿತ್ತು. ಬಲದ ಅಂಚು ಮುಟ್ಟಿದ ಮೇಲೆ ಮತ್ತೆ ಎಡಕ್ಕೆ ಓಡಿಬರಲು ಅದಕ್ಕೆ ಪುರುಸೊತ್ತು ಬೇಕಿತ್ತು, ಕೊನೆಯ ಗೆರೆ ಮುಗಿದ ಮೇಲೆ ತಲೆಯ ಕಡೆ ಹತ್ತಿ ಬರಲು ಇನ್ನಷ್ಟು. ಆ ಪುರುಸೊತ್ತಿನ ಲೆಕ್ಕವೇ ಹೆಚ್ಚುವರಿ ಅಂಕಿಗಳು. ಒಂದು ಚೌಕಟ್ಟಿಗೆ ಕಾಣುವ ಚುಕ್ಕಿಗಳು 20,73,600. ಕಾಣದವು ಇನ್ನೂ 8 ಲಕ್ಷದ ಮೇಲೆ. ಎರಡೂ ಸೇರಿ ಸೆಕೆಂಡಿಗೆ 60 ಸಲ ಹೋಗಬೇಕೆಂದರೆ 17 ಕೋಟಿ 30 ಲಕ್ಷ ಚುಕ್ಕಿ, ಮೊದಲಿನ 173 ಅದೇ. ಈಗಿನ ಚಪ್ಪಟೆ ಪರದೆಯಲ್ಲಿ ಕಿರಣವೂ ಇಲ್ಲ, ಅದು ಓಡುವುದೂ ಇಲ್ಲ. ಆದರೂ ಸಂಕೇತ ಅಲ್ಲಲ್ಲಿ ನಿಂತು, ಉಸಿರು ಬಿಟ್ಟು ಮುಂದೆ ಹೋಗುತ್ತದೆ. ಚಪ್ಪಟೆ ಪರದೆಗೆಂದೇ ಬಿಡುವು ಕಡಿತ ಮಾಡಿದ ಇನ್ನೊಂದು ಲೆಕ್ಕವೂ ಇದೆ, ಅದರಲ್ಲಿ 173ರ ಬದಲು 138.50 ಸಾಕು. ಪೂರ್ತಿ ಬಿಡುವು ಕಿತ್ತುಕೊಳ್ಳಲು ಆ ಲೆಕ್ಕ ಹಾಕಿದವರಿಗೂ ಮನಸ್ಸು ಬಂದಿಲ್ಲ.

ಸಿವಿಟಿಗೆ ತನ್ನದೇ ಒಂದು ಹಟವೂ ಇದೆ. ಮಾವನವರ ಹಳೆಯ ಲ್ಯಾಪ್‌ಟಾಪಿನ 1366×768ನ್ನು ಕೊಟ್ಟು ನೋಡಿ, ಅದು ತಾನಾಗಿ 1368 ಎಂದು ತಿದ್ದಿಕೊಳ್ಳುತ್ತದೆ. ಅಡ್ಡದ ಅಂಕಿ ಎಂಟರ ಮಗ್ಗಿಯಲ್ಲೇ ಇರಬೇಕೆಂದು ಅದರ ನೇಮ. 1366 ಆ ಮಗ್ಗಿಯಲ್ಲಿಲ್ಲ. ಹಾಗಾದರೆ ಈ ವಕ್ರ ಸಂಖ್ಯೆ ಹುಟ್ಟಿದ್ದಾದರೂ ಹೇಗೆ? ಹಳೆಯ 768 ಸಾಲುಗಳನ್ನು ಹಾಗೇ ಇಟ್ಟುಕೊಂಡು 16ಕ್ಕೆ 9ರ ಅಗಲ ಕೊಟ್ಟರೆ 1365.33 ಬರುತ್ತದೆ. ಮೂರನೇ ಒಂದು ಚುಕ್ಕಿಯನ್ನು ಕೂರಿಸಲು ಆಗುವುದಿಲ್ಲವಲ್ಲ, ಮೇಲಕ್ಕೆ ದುಂಡಗೆ ಮಾಡಿದರು. ಲಕ್ಷಾಂತರ ಲ್ಯಾಪ್‌ಟಾಪುಗಳು ಈ ಅಂಕಿಯಲ್ಲೇ ಬಂದವು. ಅದೇ ಅಳತೆಯ ಟಿವಿಗೆ ಕಂಪ್ಯೂಟರ್ ಜೋಡಿಸಿದಾಗ ಪಟ್ಟಿಯಲ್ಲಿ 1366 ಇಲ್ಲದೆ 1360 ಎಂದು ತೋರಿಸಿ, ಎಡಬಲದಲ್ಲಿ ಮೂರು ಮೂರು ಚುಕ್ಕಿಯ ಕಪ್ಪು ದಾರ ಉಳಿದರೆ ಯಾರೂ ಗಾಬರಿಯಾಗಬೇಕಿಲ್ಲ, ಅದೂ ಎಂಟರ ಮಗ್ಗಿಯ ಕೆಲಸ.

ಅಂಕಿಯ ಸಾಲು ಸಿಕ್ಕಿತು. ಅದನ್ನು ಎಕ್ಸ್‌ರ‍್ಯಾಂಡರ್ ಎಂಬ ಆದೇಶಕ್ಕೆ ಒಪ್ಪಿಸಬೇಕು. ಮೊದಲು ಹೊಸ ಮೋಡ್ ಎಂದು ನೋಂದಣಿ, ಆಮೇಲೆ ಅದು ಇಂಥ ಮಾನಿಟರಿಗೆ ಎಂದು ಜೋಡಣೆ, ಕೊನೆಗೆ ಚಾಲನೆ. ಕೊನೆಯದನ್ನು ಒತ್ತುವ ಮುಂಚೆ ಹುಡುಗ ನನ್ನ ಮುಖ ನೋಡಿದ. ಹಿಂದಿನ ಕಾಲದ ಲಿನಕ್ಸ್ ಕೈಪಿಡಿಗಳಲ್ಲಿ, ಇಲ್ಲಿ ಸುಳ್ಳು ಅಂಕಿ ಕೊಟ್ಟರೆ ಮಾನಿಟರ್ ಸುಟ್ಟುಹೋದೀತು ಎಂಬ ಎಚ್ಚರಿಕೆ ಇರುತ್ತಿತ್ತಂತೆ. ಆ ಕಾಲದ ಕೆಲವು ಗಾಜಿನ ಮಾನಿಟರುಗಳು ತಮ್ಮ ಶಕ್ತಿ ಮೀರಿದ ಕೆಲಸ ಕೊಟ್ಟರೂ ಬಾಯಿ ಮುಚ್ಚಿಕೊಂಡು ಮಾಡಲು ಹೋಗಿ ಪ್ರಾಣಬಿಡುತ್ತಿದ್ದವು. ಈಗಿನವು ಹಾಗಲ್ಲ, ಆಗದ ಕೆಲಸ ಕೊಟ್ಟರೆ 'ಔಟ್ ಆಫ್ ರೇಂಜ್' ಎಂದು ಫಲಕ ತೋರಿಸಿ ಕಣ್ಣು ಮುಚ್ಚುತ್ತವೆ. ವಿಂಡೋಸಿನವರು ಇದಕ್ಕೊಂದು ದಯಾಳುವಾದ ಏರ್ಪಾಡು ಮಾಡಿದ್ದಾರೆ. ರೆಸಲ್ಯೂಷನ್ ಬದಲಿಸಿದ ಮೇಲೆ, ಇದೇ ಇರಲೋ ಹಿಂದಿನದೇ ಬರಲೋ ಎಂದು ಕೇಳಿ 15 ಸೆಕೆಂಡು ಕಾಯುತ್ತದೆ. ಪರದೆ ಕಪ್ಪಾಗಿ ಉತ್ತರ ಕೊಡಲಾಗದೆ ಕೂತಿದ್ದರೆ ತಾನೇ ಅರ್ಥಮಾಡಿಕೊಂಡು ಹಿಂದಿರುಗುತ್ತದೆ. ಮಾತಾಡದಿದ್ದರೆ ಒಪ್ಪಿಗೆ ಇಲ್ಲ ಎಂದು ತಿಳಿಯುವ ಏಕೈಕ ಯಂತ್ರ ಅದು. ಎಕ್ಸ್‌ರ‍್ಯಾಂಡರಿಗೆ ಈ ಸೌಜನ್ಯವಿಲ್ಲ, ಹೇಳಿದ್ದು ಮಾಡುತ್ತದೆ, ನಿಮ್ಮ ಹಣೆಬರಹ. ಹುಡುಗ ಬುದ್ಧಿವಂತ. ಕೆಟ್ಟರೆ ಅರ್ಧ ನಿಮಿಷದಲ್ಲಿ ಹಳೆಯದಕ್ಕೆ ಮರಳುವಂತೆ ಇನ್ನೊಂದು ಆದೇಶವನ್ನು ಹಿಂದೆಯೇ ಕಾಯಿಸಿಟ್ಟು ಎಂಟರ್ ಒತ್ತಿದ.

ಪರದೆ ಕಪ್ಪಾಯಿತು. ಅಡುಗೆಮನೆಯಿಂದ ನನ್ನವಳು, "ಇದ್ದಿದ್ದೂ ಹೋಯ್ತಾ?" ಎಂದು ಕೇಳುವಷ್ಟರಲ್ಲಿ ಬೆಳಕು ಬಂತು.

ಅಳತೆ ಸರಿಯಾಗಿದೆ ಎಂದು ಹೇಗೆ ನಂಬುವುದು? ಹಿಂದೆ ದೂರದರ್ಶನದವರು ಪ್ರಸಾರಕ್ಕೆ ಮುಂಚೆ ಒಂದು ಚಿತ್ರ ತೋರಿಸುತ್ತಿದ್ದರು, ಬಣ್ಣದ ಪಟ್ಟಿಗಳು ತುಂಬಿದ ದೊಡ್ಡ ವೃತ್ತ. ವೃತ್ತ ವೃತ್ತವಾಗಿಯೇ ಕಂಡರೆ ಟಿವಿ ನೆಟ್ಟಗಿದೆ ಎಂದರ್ಥ. ಈಗ ಅದನ್ನು ಎಲ್ಲಿ ತರುವುದು? ಕನ್ನಡದವರಿಗೆ ಚಿಂತೆಯಿಲ್ಲ. ನಾನು ಒಂದು ಠ ಹೊಡೆದೆ, ದೊಡ್ಡದು ಮಾಡಿದೆ, ಪಕ್ಕದಲ್ಲಿ ಕನ್ನಡದ ಸೊನ್ನೆಯನ್ನೂ ಇಟ್ಟೆ. ಬೆಳಿಗ್ಗೆ ಅಡ್ಡಡ್ಡ ಮಲಗಿದ್ದ ಸೊನ್ನೆ ಈಗ ದುಂಡಗೆ ಎದ್ದು ಕೂತಿತ್ತು. ದುಂಡಕ್ಷರದ ಲಿಪಿ ಇರುವುದು ಇಂಥ ಹೊತ್ತಿಗೂ ಆಗಿಬರುತ್ತದೆ. ಸಂಬಂಧದ ಹುಡುಗನ ಫೋಟೋ ತೆರೆದೆವು. ಅತ್ತೆ ಬಹಳ ಹೊತ್ತು ನೋಡಿ, ಸ್ವಲ್ಪ ಸೊರಗಿದಾನೆ ಅಲ್ವಾ ಎಂದರು.

ತೊಂದರೆ ಮುಗಿಯಲಿಲ್ಲ, ಮಾವನವರ ಕಡೆಗೆ ತಿರುಗಿತು. ಚುಕ್ಕಿಗಳು ಹೆಚ್ಚಾದವು, ಪರದೆ ಅಷ್ಟೇ ಇದೆ, ಆದ್ದರಿಂದ ಅಕ್ಷರಗಳು ಚಿಕ್ಕವಾದವು. ಕ್ತ್ರ, ಷ್ಟ್ರ ಎಂದು ಒತ್ತಿನ ಕೆಳಗೆ ಒತ್ತು ಇಟ್ಟು ಬರೆಯುವ ಭಾಷೆಯವರಿಗೆ ಇದು ಸಣ್ಣ ನಷ್ಟವಲ್ಲ. ಇಂಗ್ಲಿಷಿನವರು ಒಂದು ಸಾಲಿನಲ್ಲಿ ಮುಗಿಸುವುದನ್ನು ನಾವು ಮಹಡಿ, ನೆಲ, ನೆಲಮಾಳಿಗೆ ಮೂರರಲ್ಲಿ ಹರಡಿ ಕೂತಿರುತ್ತೇವೆ. "ನಿನ್ನೆವರೆಗೂ ಚೆನ್ನಾಗಿ ಕಾಣ್ತಿತ್ತು, ಇವತ್ತು ರಿಪೇರಿ ಮಾಡಿದೀರಿ" ಎಂದರು ಮಾವನವರು. ಅವರ ಸ್ನೇಹಿತರೊಬ್ಬರ ಮನೆಯಲ್ಲಿ ಪ್ರತಿ ಡಿಸೆಂಬರಿನಲ್ಲೂ ಇದೇ ನಾಟಕವಂತೆ. ಮಗ ಅಮೆರಿಕದಿಂದ ಬಂದು ರೆಸಲ್ಯೂಷನ್ ಸರಿಮಾಡುತ್ತಾನೆ, ಅವನ ವಿಮಾನ ಹಾರಿದ ಮೇಲೆ ತಂದೆ 800×600ಕ್ಕೆ ಇಳಿಸಿಕೊಂಡು ಪೇಪರ್ ಓದುತ್ತಾರೆ. ನಾನು ತಂದೆಯ ಪಕ್ಷ. ಆದರೂ ಒಂದು ಮಾತು: ಚಪ್ಪಟೆ ಪರದೆಯ ಚುಕ್ಕಿಗಳು ಕಾರ್ಖಾನೆಯಲ್ಲೇ ನಾಟಿಯಾಗಿರುತ್ತವೆ. ಕಡಿಮೆ ಅಂಕಿಯ ಚಿತ್ರ ಕೊಟ್ಟರೆ ಒಂದು ಚುಕ್ಕಿಯ ಬಣ್ಣವನ್ನು ಅಕ್ಕಪಕ್ಕದವಕ್ಕೆ ಹಂಚಿ ಹಂಚಿ ಅಕ್ಷರದ ಅಂಚು ಮಬ್ಬಾಗುತ್ತದೆ. ಅದಕ್ಕಿಂತ ರೆಸಲ್ಯೂಷನ್ ಪೂರ್ತಿ ಇಟ್ಟು, ಅಕ್ಷರದ ಗಾತ್ರವನ್ನು ಮಾತ್ರ ಸ್ಕೇಲಿಂಗಿನಲ್ಲಿ 125 ಅಥವಾ 150ಕ್ಕೆ ಏರಿಸುವುದು ಮೇಲು. ಮಾವನವರು 150ಕ್ಕೆ ಒಪ್ಪಿದರು. ಅವರು ಮೊದಲು ಕೇಳಿದ್ದು 200.

ಮಾರನೆಯ ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಎಲ್ಲರೂ ಮತ್ತೆ ದಪ್ಪ. ಎಕ್ಸ್‌ರ‍್ಯಾಂಡರಿಗೆ ಹೇಳಿದ್ದು ಆ ಹೊತ್ತಿಗೆ ಮಾತ್ರ, ಯಂತ್ರ ಮಲಗಿ ಎದ್ದರೆ ಮರೆವು. ಆ ಮೂರು ಸಾಲನ್ನೂ ಲಾಗಿನ್ ಆಗುವಾಗ ಓಡುವ ಕಡತದಲ್ಲಿ ಬರೆದಿಡಬೇಕು. ಬರೆದೂ ಆಯಿತು. ಆ ವಾರವೇ ಅಂಗಡಿಯಿಂದ ಎಲ್ಲ ತಂತಿಗಳೂ ಇರುವ ಕೇಬಲ್ ಬಂತು. ಸಿಕ್ಕಿಸಿದ ಕೂಡಲೇ ಪಟ್ಟಿಯ ತಲೆಯಲ್ಲಿ 1920×1080 ಏನೂ ಆಗಿಲ್ಲವೆಂಬಂತೆ ಬಂದು ನಿಂತಿತು. ಆದ್ದರಿಂದ ಯಾರಾದರೂ ಕೇಳಿದರೆ ನಾನು ಸಿವಿಟಿಯ ಮಾತೆತ್ತುವುದಿಲ್ಲ, ಮೊದಲು ಕೇಬಲ್ ಬದಲಿಸಿ ಎನ್ನುತ್ತೇನೆ. ಕೇಳುವವರು ಹೆಚ್ಚಾಗಿದ್ದಾರೆ. ಬೀದಿಯಲ್ಲಿ ನನಗೆ ಈ ವಿದ್ಯೆ ಬರುತ್ತದೆಂದು ಸುದ್ದಿಯಾಗಿದೆ, ಹುಡುಗ ಅದನ್ನು ಅಲ್ಲಗಳೆಯದಷ್ಟು ಒಳ್ಳೆಯವನು.

ಮೊನ್ನೆ ಎದುರುಮನೆಯ ರಾಯರು ಕರೆದಿದ್ದರು. ಅವರು ಟಿವಿಯನ್ನೇ ಮಾನಿಟರ್ ಮಾಡಿಕೊಂಡಿದ್ದಾರೆ. ಅಲ್ಲಿ ಉದ್ದಗಲ ಸರಿಯೇ, ಆದರೆ ನಾಲ್ಕೂ ಅಂಚು ಪರದೆಯ ಆಚೆ ಹೋಗಿದೆ. ಗಾಜಿನ ಟಿವಿಗಳಲ್ಲಿ ಚಿತ್ರದ ಅಂಚು ಸೊಟ್ಟಗಿರುತ್ತಿತ್ತು, ಕರೆಂಟು ಏರಿಳಿದರೆ ಕುಗ್ಗುತ್ತಲೂ ಇತ್ತು. ಅದು ಕಾಣದಿರಲೆಂದು ಚಿತ್ರವನ್ನೇ ಸ್ವಲ್ಪ ದೊಡ್ಡದು ಮಾಡಿ ಅಂಚನ್ನು ಚೌಕಟ್ಟಿನ ಹಿಂದೆ ಸರಿಸುತ್ತಿದ್ದರು. ಗಾಜು ಹೋಗಿ ಚಪ್ಪಟೆ ಬಂದರೂ ಕೆಲವು ಟಿವಿಗಳು ಆ ಅಭ್ಯಾಸ ಬಿಟ್ಟಿಲ್ಲ. ರಾಯರ ಮೊಮ್ಮಗ ಇದಕ್ಕೆ ಮದ್ದೆಂದು 1824×1026 ಎಂಬ ಹೊಸ ರೆಸಲ್ಯೂಷನ್ ಸೃಷ್ಟಿಸಿದ್ದ. ಶೇಕಡಾ ಐದು ಕಡಿಮೆ, ಲೆಕ್ಕ ತಪ್ಪಿಲ್ಲ, ಆದರೆ ಅಕ್ಷರಗಳೆಲ್ಲ ಮಂಜು. ರಾಯರು ಅದನ್ನು ತೆಗೆಸಿ, ಅಂಚು ಹೋದರೂ ಚಿಂತೆಯಿಲ್ಲ ಎಂದು ಇದ್ದುಬಿಟ್ಟಿದ್ದರು. ಮದ್ದು ಕಂಪ್ಯೂಟರಿನಲ್ಲಿಲ್ಲ, ಟಿವಿಯ ರಿಮೋಟಿನಲ್ಲಿದೆ. ಚಿತ್ರದ ಗಾತ್ರದ ಮೆನುವಿನಲ್ಲಿ ಜಸ್ಟ್ ಸ್ಕ್ಯಾನ್ ಎಂದೋ ಸ್ಕ್ರೀನ್ ಫಿಟ್ ಎಂದೋ ಫುಲ್ ಪಿಕ್ಸೆಲ್ ಎಂದೋ ಕಂಪನಿಗೊಂದು ಹೆಸರಿನಲ್ಲಿ ಅಡಗಿರುತ್ತದೆ. ಹುಡುಕಿ ಒತ್ತಿದೆ. ಕೆಳಗಿನ ಪಟ್ಟಿ, ಗಡಿಯಾರ, ಸ್ಟಾರ್ಟ್ ಗುಂಡಿ ಎಲ್ಲವೂ ಮೇಲೆ ಬಂದವು.

"ಇಷ್ಟು ದಿನ ಸ್ಟಾರ್ಟ್ ಗುಂಡಿ ಇಲ್ದೆ ಶಟ್‌ಡೌನ್ ಹೇಗೆ ಮಾಡ್ತಿದ್ರಿ?" ಎಂದು ಕೇಳಿದೆ.

"ಗೋಡೆ ಸ್ವಿಚ್ಚು ಇದೆಯಲ್ಲ" ಎಂದರು ರಾಯರು.